ಭೂಕಂಪ ಇಲ್ಲದ ದಿನಗಳಲ್ಲಿ ಸ್ತರಭಂಗ ಏನು ಮಾಡುತ್ತಿರುತ್ತದೆ?

ಪ್ರಶ್ನೆ: ಮೇಡಂ, ಭೂಫಲಕಗಳು ವರ್ಷಕ್ಕೆ ಕೆಲವು ಸೆಂಟಿಮೀಟರ್ ಸರಿಯುತ್ತಲೇ ಇರುತ್ತವೆ ಅಂತ ಓದಿದ್ದೇನೆ. ಹಾಗೆ ಸರಿಯುತ್ತಲೇ ಇದ್ದರೆ ಭೂಕಂಪದಲ್ಲಿ ಒಮ್ಮೆಲೇ ಹತ್ತು ಅಡಿ ಜಾರುವುದು ಹೇಗೆ? ಇನ್ನೊಂದು, ಒಂದೇ ಭೂಕಂಪದಲ್ಲಿ ಒಂದು ಕಡೆ ನೆಲ ಏಳುತ್ತದೆ, ಇನ್ನೊಂದು ಕಡೆ ಕುಸಿಯುತ್ತದೆ ಅನ್ನುತ್ತಾರಲ್ಲ, ಅದು ಯಾಕೆ?

ಉತ್ತರ: ಹಾಗೆ ಎಡೆಬಿಡದೆ ಸರಿಯುವುದು ಫಲಕದ ದೂರದ ಭಾಗ. ಸ್ತರಭಂಗದ, ಅಂದರೆ ಎರಡು ಬದಿಯ ಬಂಡೆ ಒಂದರ ಪಕ್ಕ ಒಂದು ಜಾರುವ ಸೀಳಿನ, ಹತ್ತಿರ ಮೇಲಿನ ಸುಮಾರು 10–15 ಕಿಲೋಮೀಟರ್ ಬಂಡೆ ಘರ್ಷಣೆಯಿಂದ ಕಚ್ಚಿಕೊಂಡಿರುತ್ತದೆ. ಅದರ ಕೆಳಗೆ ಶಾಖ ಹೆಚ್ಚು, ಅಲ್ಲಿ ಬಂಡೆ ಸದ್ದಿಲ್ಲದೆ ಜಾರುತ್ತಲೇ ಇರುತ್ತದೆ. ಕೆಳಗಿನದೂ ಹೊರಟಿದೆ, ದೂರದ್ದೂ ಹೊರಟಿದೆ, ನಡುವಿನ ಪಟ್ಟಿ ಮಾತ್ರ ಹಿಡಿತ ಬಿಡುತ್ತಿಲ್ಲ. ಹಾಗಾಗಿ ಆಚೀಚೆ ಹತ್ತಾರು ಕಿಲೋಮೀಟರ್ ನೆಲ ಬಾಗುತ್ತದೆ.

ಕ್ಯಾಲಿಫೋರ್ನಿಯಾದ ಸ್ಯಾನ್ ಆಂಡ್ರಿಯಾಸ್ ಸ್ತರಭಂಗ ತೆಗೆದುಕೊಳ್ಳಿ. ಅದರ ನಡುಭಾಗದಲ್ಲಿ ಎರಡು ಬದಿಗಳ ಸಾಪೇಕ್ಷ ವೇಗ ವರ್ಷಕ್ಕೆ ಸುಮಾರು 35 ಮಿಲಿಮೀಟರ್. ಆದರೆ ಕಚ್ಚಿಕೊಂಡ ಜಾಗದಲ್ಲಿ ಆಚೆಗೊಂದು, ಈಚೆಗೊಂದು, ಸೀಳಿನಿಂದ ಕಿಲೋಮೀಟರ್ ದೂರದಲ್ಲಿ ಜಿಪಿಎಸ್ ನೆಟ್ಟರೆ ಅವುಗಳ ನಡುವೆ ವರ್ಷಕ್ಕೆ ಒಂದೆರಡು ಮಿಲಿಮೀಟರ್ ವ್ಯತ್ಯಾಸವೂ ಕಷ್ಟ. ಐವತ್ತು ಕಿಲೋಮೀಟರ್ ದೂರ ಹೋಗಿ ನೆಟ್ಟರೆ ಹೆಚ್ಚುಕಡಿಮೆ ಪೂರ್ತಿ ಚಲನೆ ಸಿಗುತ್ತದೆ. ಈ ಕೊರತೆಯೇ ಸ್ತರಭಂಗ ಮುಂದೆ ಜಾರಿ ತೀರಿಸಬೇಕಾದ ಬಾಕಿ. ನೂರು ವರ್ಷಕ್ಕೆ ಮೂರೂವರೆ ಮೀಟರ್, ಅಂದರೆ ನೀವು ಕೇಳಿದ ಹತ್ತು ಅಡಿಗಿಂತ ಜಾಸ್ತಿ.

ಇದನ್ನು ಅಮೆರಿಕದ ಭೂವಿಜ್ಞಾನಿ ಹ್ಯಾರಿ ಫೀಲ್ಡಿಂಗ್ ರೀಡ್ 1910ರಲ್ಲೇ ವಿವರಿಸಿದರು. 1906ರ ಏಪ್ರಿಲ್ 18ರ ಸ್ಯಾನ್ ಫ್ರಾನ್ಸಿಸ್ಕೊ ಭೂಕಂಪದಲ್ಲಿ ಸುಮಾರು 470 ಕಿಲೋಮೀಟರ್ ಉದ್ದಕ್ಕೆ ಇದೇ ಸ್ತರಭಂಗ ಸೀಳಿತು. ಹಳೆಯ ಸರ್ವೆಯ ಗುರುತುಗಳನ್ನು ಮತ್ತೆ ಅಳೆದು ಹೋಲಿಸಿದಾಗ ಸೀಳಿನ ಪಕ್ಕದವು ಮೀಟರ್‌ಗಟ್ಟಲೆ ಸರಿದಿದ್ದವು, ದೂರ ಹೋದಂತೆ ಸರಿತ ಕಡಿಮೆಯಾಗುತ್ತಿತ್ತು. ರೀಡ್ ಅವರ ತರ್ಕದಲ್ಲಿ ನನಗೆ ತುಂಬಾ ಇಷ್ಟವಾದದ್ದು ಬೇಲಿಯ ಲೆಕ್ಕ. ಹಿಂದಿನ ಭೂಕಂಪವಾದ ಕೂಡಲೇ ನೇರವಾಗಿ ಕಟ್ಟಿದ ಬೇಲಿ ವರ್ಷಗಳುದ್ದಕ್ಕೂ ನಿಧಾನವಾಗಿ ಬಾಗುತ್ತದೆ. ಮುಂದಿನ ಭೂಕಂಪದಲ್ಲಿ ಕಡಿದು, ಎರಡು ತುಂಡುಗಳೂ ಮತ್ತೆ ನೇರವಾಗುತ್ತವೆ. ಆದರೆ ಭೂಕಂಪದ ಹಿಂದಿನ ದಿನವಷ್ಟೇ ಕಟ್ಟಿದ ಬೇಲಿ? ಅದನ್ನು ಬಾಗಿದ ನೆಲದ ಮೇಲೆ ನೇರವಾಗಿ ಕಟ್ಟಿದ್ದು. ನೆಲ ನೆಟ್ಟಗಾದಾಗ ಬೇಲಿಯೇ ಬಾಗಿಹೋಗುತ್ತದೆ. ಕಾಗದದ ಮೇಲೆ ಒಮ್ಮೆ ಬರೆದು ನೋಡಿ, ಇಡೀ ವಿಷಯ ಕೈಗೆ ಸಿಗುತ್ತದೆ.

ಏಳುವ, ಕುಸಿಯುವ ಪ್ರಶ್ನೆ ಬರುವುದು ಒಂದು ಫಲಕ ಇನ್ನೊಂದರ ಅಡಿಗೆ ನುಗ್ಗುವಲ್ಲಿ. ಕೆಳಗಿನ ಫಲಕ ಮೇಲಿನದರ ಅಂಚನ್ನು ತನ್ನ ಜೊತೆ ಕೆಳಗೆ ಎಳೆಯುತ್ತದೆ; ಅಂಚಿನಿಂದ ಒಳಗಿನ ನೆಲ ಉಬ್ಬುತ್ತದೆ. ಹಿಡಿತ ಬಿಟ್ಟಾಗ ಅಂಚು ಮೇಲೆ ಚಿಮ್ಮುತ್ತದೆ, ಉಬ್ಬಿದ್ದು ಇಳಿಯುತ್ತದೆ. ಸಮುದ್ರತಳ ಹಾಗೆ ಎದ್ದಾಗಲೇ ಸುನಾಮಿ. ಸುಮಾತ್ರಾದ ಪಶ್ಚಿಮದ ದ್ವೀಪಗಳಲ್ಲಿ ಇದಕ್ಕೆ ಹವಳದ ಸಾಕ್ಷಿಯಿದೆ. ಹವಳ ಇಳಿತದ ನೀರಿನ ಮಟ್ಟಕ್ಕಿಂತ ಮೇಲೆ ಬದುಕುವುದಿಲ್ಲ. ದ್ವೀಪ ಮುಳುಗುತ್ತಿದ್ದರೆ ಅದರ ಅಂಚು ಮೇಲಕ್ಕೆ ಬೆಳೆಯುತ್ತದೆ, ದ್ವೀಪ ಎದ್ದರೆ ನೆತ್ತಿ ಸಾಯುತ್ತದೆ. ವರ್ಷದ ಉಂಗುರ ಎಣಿಸಿ ಯಾವಾಗ, ಎಷ್ಟು ಅಂತ ಓದಬಹುದು.

ಇನ್ನೊಬ್ಬ ಸದಸ್ಯರು: ಜಪಾನ್ ಕರಾವಳಿಯೂ 2011ಕ್ಕೆ ಮುಂಚೆ ಉಬ್ಬಿತ್ತಾ?

ಉತ್ತರ: ಇಲ್ಲ, ಅದಕ್ಕೇ ಆ ಭೂಕಂಪ ನಮ್ಮ ವೃತ್ತಿಯವರಿಗೆ ದೊಡ್ಡ ಪಾಠ. ಈಶಾನ್ಯ ಜಪಾನಿನ ತೊಹೊಕು ತೀರದ ಉಬ್ಬರವಿಳಿತದ ಮಾಪಕಗಳು ದಶಕಗಳಿಂದ ನೆಲದ ಕುಸಿತವನ್ನೇ ತೋರಿಸುತ್ತಿದ್ದವು. ಮಾರ್ಚ್ 11ರ 9.0 ತೀವ್ರತೆಯ ಕಂಪನದಲ್ಲಿ ಅಲ್ಲಿನ ಒಶಿಕಾ ಪರ್ಯಾಯದ್ವೀಪ ಸಮುದ್ರದತ್ತ 5.3 ಮೀಟರ್ ಸರಿಯಿತು, ಅದರ ಜೊತೆಗೆ ಇನ್ನೂ 1.2 ಮೀಟರ್ ಕುಸಿಯಿತು. ಆಮೇಲೆ ಮೇಲೇಳತೊಡಗಿತು. ಸ್ತರಭಂಗದ ಆಳದ ಭಾಗ ಭೂಕಂಪದ ನಂತರವೂ ಮೆಲ್ಲಗೆ ಜಾರುತ್ತದೆ, ಅದರಡಿಯ ಬಿಸಿ ಬಂಡೆ ವರ್ಷಗಟ್ಟಲೆ ಹರಿಯುತ್ತದೆ. ಭೂಕಂಪದ ಮುಂಚೆ, ಭೂಕಂಪದಲ್ಲಿ ಎಂಬ ಎರಡೇ ಘಟ್ಟ ನೋಡಿದರೆ ಲೆಕ್ಕ ತಪ್ಪುತ್ತದೆ.

ಇನ್ನೊಬ್ಬ ಸದಸ್ಯರು: ಎಲ್ಲ ಸ್ತರಭಂಗವೂ ಹೀಗೆ ಕಚ್ಚಿಕೊಳ್ಳುತ್ತದೆಯೇ?

ಉತ್ತರ: ಇಲ್ಲ. ಸ್ಯಾನ್ ಆಂಡ್ರಿಯಾಸ್‌ನ ಒಂದು ಭಾಗ ದೊಡ್ಡ ಕಂಪನವಿಲ್ಲದೆ ತೆವಳುತ್ತದೆ. ಕ್ಯಾಲಿಫೋರ್ನಿಯಾದ ಹಾಲಿಸ್ಟರ್ ಊರಲ್ಲಿ ತೆವಳುವ ಸ್ತರಭಂಗವೊಂದರ ಮೇಲೆ ಫುಟ್‌ಪಾತಿನ ಅಂಚುಕಲ್ಲುಗಳು ಸೊಟ್ಟಗಾಗಿರುವುದು ಬರಿಗಣ್ಣಿಗೇ ಕಾಣುತ್ತದೆ.

ಮೊದಲ ಪ್ರಶ್ನೆ ಕೇಳಿದವರು: ಬಾಕಿ ಅಳೆಯಬಹುದಾದರೆ ದಿನಾಂಕವನ್ನೂ ಹೇಳಬಹುದಲ್ಲ ಮೇಡಂ?

ಉತ್ತರ: ಆಗುವುದಿಲ್ಲ. ಬಾಕಿ ಎಷ್ಟು ಅಂತ ಜಿಪಿಎಸ್ ಹೇಳುತ್ತದೆ. ಬಂಡೆ ಇನ್ನೆಷ್ಟು ತಾಳುತ್ತದೆ ಅಂತ ಹೇಳುವುದಿಲ್ಲ. ಸ್ಯಾನ್ ಆಂಡ್ರಿಯಾಸ್ ಮೇಲಿರುವ ಪಾರ್ಕ್‌ಫೀಲ್ಡ್‌ನಲ್ಲಿ 6ರ ಆಸುಪಾಸಿನ ತೀವ್ರತೆಯ ಭೂಕಂಪಗಳು ಸರಾಸರಿ 22 ವರ್ಷಕ್ಕೊಂದರಂತೆ ಬಂದಿದ್ದವು. ಮುಂದಿನದು 1993ರೊಳಗೆ ಬರುತ್ತದೆ ಅಂತ ಉಪಕರಣಗಳನ್ನು ಹೂಡಿ ಕಾದರು. ಅದು ಬಂದದ್ದು 2004ರ ಸೆಪ್ಟೆಂಬರ್ 28ಕ್ಕೆ. ಅಷ್ಟು ಹತ್ತಿರದಿಂದ ಕಾಯುತ್ತಿದ್ದರೂ ನಂಬಬಹುದಾದ ಮುನ್ಸೂಚನೆ ಒಂದೂ ಸಿಗಲಿಲ್ಲ. ಎಲ್ಲಿ ಬಾಕಿ ಬೆಳೆಯುತ್ತಿದೆ ಅನ್ನುವುದನ್ನು ನಾವು ಗಟ್ಟಿಯಾಗಿ ಹೇಳಬಲ್ಲೆವು, ಅಲ್ಲಿ ಕಟ್ಟಡಗಳನ್ನು ಅದಕ್ಕೆ ತಕ್ಕಂತೆ ಕಟ್ಟಬಹುದು.