ಉತ್ತರ ಕ್ವೀನ್ಸ್‌ಲ್ಯಾಂಡ್ ಕಡೆಯ ಕಾದಂಬರಿ ಯಾವುದು ಓದಲಿ?

ಮಳೆಹುಚ್ಚು: ಆಸ್ಟ್ರೇಲಿಯಾ ಅಂದ್ರೆ ಸಿಡ್ನಿ, ಮೆಲ್ಬರ್ನ್ ಕಥೆಗಳೇ ಜಾಸ್ತಿ ಸಿಗುತ್ತವೆ. ಟೌನ್ಸ್‌ವಿಲ್, ಕೇರ್ನ್ಸ್ ಕಡೆಯ ಮಳೆ, ಕಬ್ಬು, ಚಂಡಮಾರುತ ಇರುವಂಥದ್ದು ಬೇಕು. ನಾನೂ ಸುಮ್ನೆ ಬರೆಯುತ್ತಿದ್ದೇನೆ, ಆದರೆ ನನ್ನ ಕಥೆಯಲ್ಲಿ ಮಳೆ ಬರೀ ಅಲಂಕಾರ.

ಪುಸ್ತಕದಹುಳ: ಥಿಯಾ ಆಸ್ಟ್ಲಿ! ಆಸ್ಟ್ರೇಲಿಯಾದ ದೊಡ್ಡ ಸಾಹಿತ್ಯ ಪ್ರಶಸ್ತಿಯಾದ ಮೈಲ್ಸ್ ಫ್ರಾಂಕ್ಲಿನ್ ಅನ್ನು 4 ಸಲ ಗೆದ್ದವರು. 1987ರ ‘ಇಟ್ಸ್ ರೇನಿಂಗ್ ಇನ್ ಮ್ಯಾಂಗೊ’ ಓದಿ. ಒಂದೇ ಮನೆತನದ ಹಲವು ತಲೆಮಾರುಗಳ ಕಥೆ, ಮೂಲನಿವಾಸಿಗಳ ಹತ್ಯೆಯನ್ನೂ ಮುಚ್ಚಿಡುವುದಿಲ್ಲ.

ಕಡಲತಡಿ: ಅಲೆಕ್ಸಿಸ್ ರೈಟ್ ಅವರನ್ನು ಬಿಟ್ಟರೆ ಹೇಗೆ? ವಾನ್ಯಿ ಎಂಬ ಮೂಲನಿವಾಸಿ ಸಮುದಾಯದವರು. ‘ಕಾರ್ಪೆಂಟೇರಿಯಾ’ 2006ರಲ್ಲಿ ಬಂತು, ಮರುವರ್ಷ ಅದಕ್ಕೂ ಅದೇ ಪ್ರಶಸ್ತಿ. ದಪ್ಪ ಪುಸ್ತಕ, ಶುರುವಿನಲ್ಲಿ ಸ್ವಲ್ಪ ತಾಳ್ಮೆ ಬೇಕು, ಆದರೆ ಅಲ್ಲಿ ಚಂಡಮಾರುತವೇ ಒಂದು ಪಾತ್ರ, ನಿಮಗೆ ಬೇಕಾದ್ದೂ ಅದೇ ಅಲ್ವಾ?

ಮಳೆಹುಚ್ಚು: ಹೌದು, ಇದರಿಂದಲೇ ಶುರು ಮಾಡ್ತೀನಿ.