ಎನ್‌ಎಂಸಿ 811 ಸ್ಲರಿ ಹಾಲುಬಾಯಿ ಥರ ಗಟ್ಟಿಯಾಗುತ್ತಿದೆ, ಏನು ಮಾಡಲಿ?

ಕಡಲತಡಿ:
ಮಂಗಳೂರಿನಲ್ಲಿ ಎಂಎಸ್ಸಿ ಕೊನೆಯ ವರ್ಷ. ಪ್ರಾಜೆಕ್ಟ್‌ಗೆ ಕಾಯಿನ್ ಸೆಲ್ (ನಾಣ್ಯದಾಕಾರದ ಪುಟ್ಟ ಲಿಥಿಯಂ ಬ್ಯಾಟರಿ) ಮಾಡುತ್ತಿದ್ದೇನೆ. ಕ್ಯಾಥೋಡ್‌ಗೆ (ಧನ ಧ್ರುವಕ್ಕೆ) ಬಳಸುವ ಪುಡಿ ಎನ್‌ಎಂಸಿ 811: ನಿಕ್ಕಲ್ ಎಂಟು ಪಾಲು, ಮ್ಯಾಂಗನೀಸ್ ಒಂದು, ಕೋಬಾಲ್ಟ್ ಒಂದು. ಪುಡಿ 90, ಕಾರ್ಬನ್ ಬ್ಲ್ಯಾಕ್ 5, ಅಂಟಿಗೆ ಪಿವಿಡಿಎಫ್ ಎಂಬ ಪ್ಲಾಸ್ಟಿಕ್ 5 ಲೆಕ್ಕದಲ್ಲಿ ಎನ್‌ಎಂಪಿ ಎಂಬ ದ್ರಾವಕಕ್ಕೆ ಹಾಕಿ ಕಲಸುತ್ತೇನೆ. ಶುರುವಿನಲ್ಲಿ ಸರಿಯಾಗಿ ದೋಸೆ ಹಿಟ್ಟಿನ ಹದ. ಊಟ ಮುಗಿಸಿ ಬಂದು ನೋಡಿದರೆ ಬೀಕರ್ ತುಂಬ ಕಪ್ಪು ಹಾಲುಬಾಯಿ! ತಿರುಗಬೇಕಾದ ಮ್ಯಾಗ್ನೆಟ್ ಒಳಗೇ ಹೂತುಹೋಗಿತ್ತು. ಬೀಕರ್ ಬೋರಲು ಹಾಕಿದರೂ ಬೀಳಲಿಲ್ಲ.

ಈ ತಿಂಗಳು ಮೂರು ಸಲ ಹೀಗಾಯಿತು. ಎನ್‌ಎಂಪಿ ಜಾಸ್ತಿ ಹಾಕಿದೆ, ಕರಗಲಿಲ್ಲ. ಫೆಬ್ರವರಿಯಲ್ಲಿ ಇದೇ ಡಬ್ಬಿಯ ಪುಡಿ ಚೆನ್ನಾಗಿಯೇ ಬಂದಿತ್ತು. ಪಕ್ಕದ ಟೇಬಲ್‌ನ ಸೀನಿಯರ್ ಇದೇ ಪಿವಿಡಿಎಫ್‌ನಲ್ಲಿ ಎಲ್‌ಎಫ್‌ಪಿ (ಲಿಥಿಯಂ ಕಬ್ಬಿಣ ಫಾಸ್ಫೇಟ್) ಎಂಬ ಬೇರೆ ಕ್ಯಾಥೋಡ್ ಪುಡಿ ಕಲಸುತ್ತಾರೆ, ಅವರಿಗೆ ಏನೂ ಆಗುವುದಿಲ್ಲ. ನನ್ನ ಕೈಗುಣವೇ ಸರಿಯಿಲ್ಲವಾ?

ಡ್ರೈರೂಮ್ ಅಕ್ಕ:
ಕೈಗುಣ ಅಲ್ಲ ಮಾರಾಯ, ಮಳೆಗಾಲ. ನಾನು ಸೆಲ್ ಫ್ಯಾಕ್ಟರಿಯಲ್ಲಿ ಕೋಟಿಂಗ್ ವಿಭಾಗದಲ್ಲಿದ್ದೇನೆ, ಇದನ್ನು ಬಕೆಟ್‌ಗಟ್ಟಲೆ ನೋಡಿದ್ದೇನೆ.

ಈ ಪುಡಿ ತಯಾರಿಸುವವರು ಅದನ್ನು ಸುಡುವಾಗ ಲಿಥಿಯಂ ಸ್ವಲ್ಪ ಆವಿಯಾಗಿ ಹೋಗುತ್ತದೆ ಅಂತ ಮೊದಲೇ ಒಂಚೂರು ಹೆಚ್ಚು ಹಾಕಿರುತ್ತಾರೆ. ಅದರಲ್ಲಿ ಉಳಿದದ್ದು ಕಣದ ಮೇಲೆ ಕೂರುತ್ತದೆ. ನಿಕ್ಕಲ್ ಜಾಸ್ತಿ ಇರುವ ಪುಡಿಯಲ್ಲಿ ಒಳಗಿನ ಲಿಥಿಯಂ ಕೂಡ ಮೆಲ್ಲಗೆ ಹೊರಗೆ ಬರುತ್ತದೆ. ಗಾಳಿಯ ತೇವ, ಕಾರ್ಬನ್ ಡೈಆಕ್ಸೈಡ್ ತಗುಲಿದರೆ ಅದೇ ಲಿಥಿಯಂ ಹೈಡ್ರಾಕ್ಸೈಡ್, ಕಾರ್ಬೊನೇಟ್ ಆಗುತ್ತದೆ. ಎರಡೂ ಕ್ಷಾರ. ಕ್ಷಾರ ಸೋಕಿದರೆ ಪಿವಿಡಿಎಫ್‌ನಿಂದ ಹೈಡ್ರೋಜನ್, ಫ್ಲೋರಿನ್ ಕಿತ್ತುಕೊಂಡು ಹೋಗುತ್ತವೆ, ಅದರ ಅಣುಗಳ ಉದ್ದ ಸರಪಳಿಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಅದೇ ನಿಮ್ಮ ಹಾಲುಬಾಯಿ. ಹೆಣೆದ ಮೇಲೆ ಎಷ್ಟು ಎನ್‌ಎಂಪಿ ಸುರಿದರೂ ಬಿಡಿಸಲು ಆಗುವುದಿಲ್ಲ. ಎಲ್‌ಎಫ್‌ಪಿ ಪುಡಿಯಲ್ಲಿ ಇಷ್ಟು ಕ್ಷಾರ ಇರುವುದಿಲ್ಲ, ಅದಕ್ಕೇ ಸೀನಿಯರ್ ಆರಾಮಾಗಿದ್ದಾರೆ.

ಒಂದು ಗ್ರಾಂ ಪುಡಿಯನ್ನು 10 ಮಿಲಿ ನೀರಲ್ಲಿ ಕಲಕಿ ಪಿಎಚ್ ನೋಡಿ. ಅಂದ ಹಾಗೆ, ಡಬ್ಬಿ ಎಲ್ಲಿಡುತ್ತೀರಿ?

ಸುಮ್ನೆ_ಓದುಗ:
ಎಲ್‌ಎಫ್‌ಪಿಗೇ ಹೋಗಿಬಿಡಿ. 1997ರಲ್ಲಿ ಬ್ಯಾಟರಿ ವಿಜ್ಞಾನಿ ಜಾನ್ ಗುಡ್‌ಇನಫ್ ಅವರ ಟೆಕ್ಸಾಸ್ ತಂಡ ತೋರಿಸಿಕೊಟ್ಟ ವಸ್ತು. ನಿಕ್ಕಲ್ ಇಲ್ಲ, ಕೋಬಾಲ್ಟ್ ಇಲ್ಲ, ತಲೆನೋವೂ ಇಲ್ಲ.

ಕಡಲತಡಿ:
ಸರ್, ವಿಷಯ ರಿಜಿಸ್ಟರ್ ಆಗಿ ಆರು ತಿಂಗಳಾಯಿತು. ಈಗ ಬದಲಾಯಿಸಿದರೆ ಗೈಡ್ ನನ್ನನ್ನೇ ಕಲಸಿಬಿಡುತ್ತಾರೆ.

ಅಕ್ಕ, ಪಿಎಚ್ ಪಟ್ಟಿ ಕಡುನೀಲಿಗೆ ತಿರುಗಿತು, 12ರ ಹತ್ತಿರ. ಡಬ್ಬಿ ಇಡುವುದು ಸಿಂಕ್ ಮೇಲಿನ ಶೆಲ್ಫ್‌ನಲ್ಲಿ. (ಬೈಯಬೇಡಿ.) 120 ಡಿಗ್ರಿ ವ್ಯಾಕ್ಯೂಮ್ ಅವನ್‌ನಲ್ಲಿ ರಾತ್ರಿಯಿಡೀ ಒಣಗಿಸಿದರೆ ಸರಿಹೋಗುತ್ತದಾ?

ಡ್ರೈರೂಮ್ ಅಕ್ಕ:
ಸಿಂಕ್ ಮೇಲೆ! ಬೈಯದೆ ಇರುವುದು ಕಷ್ಟ.

120ಕ್ಕೆ ನೀರು ಹೋಗುತ್ತದೆ, ಕಾರ್ಬೊನೇಟ್ ಹೋಗುವುದಿಲ್ಲ. ಆದರೂ ಒಣಗಿಸಿ, ತೇವ ಇಲ್ಲದಿದ್ದರೆ ಗಟ್ಟಿಯಾಗುವುದು ನಿಧಾನವಾಗುತ್ತದೆ. ಪಿವಿಡಿಎಫ್ ಕೂಡ ಒಣಗಿಸಿ. ಹೊಸ ಎನ್‌ಎಂಪಿ ಬಾಟಲಿ ತೆಗೆಯಿರಿ, ಅದು ಗಾಳಿಯಿಂದ ನೀರು ಕುಡಿಯುತ್ತದೆ. ಪಿವಿಡಿಎಫ್ ಮೊದಲೇ ಕರಗಿಸಿಟ್ಟು ಪುಡಿಯನ್ನು ಕೊನೆಗೆ ಹಾಕಿ. ಕಲಸಿದ ತಕ್ಷಣ ಅಲ್ಯೂಮಿನಿಯಂ ಫಾಯಿಲ್ ಮೇಲೆ ತೆಳ್ಳಗೆ ಎಳೆಯಿರಿ. ಕೆಲವರು ಚಿಟಿಕೆ ಆಕ್ಸಾಲಿಕ್ ಆಸಿಡ್ ಹಾಕಿ ಕ್ಷಾರ ತಗ್ಗಿಸುತ್ತಾರೆ, ಆದರೆ ಪ್ರಾಜೆಕ್ಟ್ ರಿಪೋರ್ಟ್‌ನಲ್ಲಿ ಅದನ್ನು ಬರೆಯಲೇಬೇಕು. ಎನ್‌ಎಂಪಿ ಗರ್ಭಕ್ಕೆ ಅಪಾಯ, ಫ್ಯೂಮ್ ಹುಡ್ (ಆವಿ ಹೊರಗೆಳೆಯುವ ಗೂಡು) ಬಿಟ್ಟು ಕೆಲಸ ಬೇಡ.

ಕಡಲತಡಿ:
ಹಳೇ ಪುಡಿಯನ್ನೇ ಒಣಗಿಸಿ ಮಾಡಿದೆ, ಆಸಿಡ್ ಹಾಕಲಿಲ್ಲ. 40 ನಿಮಿಷ ಹರಿಯುತ್ತಿತ್ತು, ಅಷ್ಟರಲ್ಲಿ ಎರಡು ಫಾಯಿಲ್ ಎಳೆದೆ. ಮೂರನೆಯದರ ಅಂಚಲ್ಲಿ ಗಂಟುಗಳು ಬಂದವು, ಅದನ್ನು ಬಿಟ್ಟೆ. ಹೊಸ ಡಬ್ಬಿಗೆ ಗೈಡ್ ಸಹಿ ಹಾಕಿದ್ದಾರೆ, ಅದು ಬಂದರೆ ನೇರ ಗ್ಲೋವ್‌ಬಾಕ್ಸ್‌ಗೆ (ಗಾಳಿ, ತೇವ ಸೋಕದ ಮುಚ್ಚಿದ ಪೆಟ್ಟಿಗೆ). ಸಿಂಕ್ ಶೆಲ್ಫ್‌ನಲ್ಲಿ ಈಗ ನಮ್ಮ ಚಹಾ ಲೋಟಗಳಿವೆ.

ಡ್ರೈರೂಮ್ ಅಕ್ಕ:
ಲ್ಯಾಬ್‌ನಲ್ಲಿ ಚಹಾನಾ?! ಅದಕ್ಕೆ ಬೇರೆ ಥ್ರೆಡ್ ತೆಗೆಯಿರಿ, ಬಂದು ಬೈಯುತ್ತೇನೆ.