ಗಿಟಾರ್ ಆಂಪ್‌ನಲ್ಲಿ ಗುಂಯ್ ಸದ್ದು, ಜೊತೆಗೆ ಗಡಗಡ: ಎಲ್ಲಿಂದ ಶುರು ಮಾಡಲಿ?

ಶಿರಾಗೇಟ್_ಆರುತಂತಿ

ಎಲ್ಲರಿಗೂ ನಮಸ್ಕಾರ. ತುಮಕೂರು, ಶಿರಾ ಗೇಟ್ ಕಡೆಯವನು. 20 ವ್ಯಾಟ್ ಟ್ರಾನ್ಸಿಸ್ಟರ್ ಕಾಂಬೊ ಆಂಪ್ (ಆಂಪ್, ಸ್ಪೀಕರ್ ಎರಡೂ ಒಂದೇ ಪೆಟ್ಟಿಗೆಯಲ್ಲಿ), 8 ಇಂಚಿನ ಸ್ಪೀಕರ್, ಒಳಗೆ ಟ್ರಾನ್ಸ್‌ಫಾರ್ಮರ್ ಇರುವ ಹಳೇ ಮಾದರಿ. ಸ್ವಿಚ್ ಹಾಕಿದ ತಕ್ಷಣ ಗುಂಯ್ ಅಂತ ಒಂದೇ ಸಮ ಸದ್ದು. ಅದು ಸಾಲದು ಅಂತ ಐದನೇ ತಂತಿಯ ಎರಡು, ಮೂರನೇ ಫ್ರೆಟ್ ನುಡಿಸಿದರೆ ತಗಡು ಅಲ್ಲಾಡಿದ ಹಾಗೆ ಗಡಗಡ. ಕೇಬಲ್ ಬದಲಾಯಿಸಿದ್ದಾಯ್ತು. ರಿಪೇರಿ ಅಂಗಡಿಯಲ್ಲಿ ಸ್ಪೀಕರ್ ಬದಲಾಯಿಸಬೇಕು ಅಂದರು. ಅದಕ್ಕೂ ಮೊದಲು ಮನೆಯಲ್ಲೇ ಏನು ನೋಡಬಹುದು?

ಬೆಸುಗೆಕಡ್ಡಿ

ಸ್ಪೀಕರ್‌ಗೆ ಈಗಲೇ ದುಡ್ಡು ಹಾಕಬೇಡಿ ಸರ್. ಇವು ಎರಡು ಬೇರೆ ಬೇರೆ ಕಾಯಿಲೆ. ಮೊದಲು ಗುಂಯ್ ನೋಡೋಣ.

ಆಂಪ್‌ನ ವಾಲ್ಯೂಮ್ ಪೂರ್ತಿ ಸೊನ್ನೆಗೆ ತನ್ನಿ. ಸದ್ದು ಹೋದರೆ ದೋಷ ಗಿಟಾರ್, ಕೇಬಲ್ ಅಥವಾ ಇನ್‌ಪುಟ್ ಜಾಕ್ ಕಡೆ. ಹಾಗೇ ಉಳಿದರೆ ಪವರ್ ಸಪ್ಲೈ ಕಡೆ. ಕೇಬಲ್ ಕಿತ್ತು ಪರೀಕ್ಷೆ ಮಾಡಿದರೆ ಮೋಸ ಹೋಗುತ್ತೀರಿ: ಎಷ್ಟೋ ಆಂಪ್‌ಗಳಲ್ಲಿ ಪಿನ್ ಕಿತ್ತ ಕೂಡಲೇ ಜಾಕ್ ತಾನಾಗೇ ಇನ್‌ಪುಟ್ಟನ್ನು ಗ್ರೌಂಡ್‌ಗೆ ಶಾರ್ಟ್ ಮಾಡಿ, ಆ ಕಡೆಯ ಸದ್ದನ್ನು ಅಡಗಿಸಿಬಿಡುತ್ತದೆ. ಕೇಬಲ್ ಹಾಗೇ ಇರಲಿ, ಗಿಟಾರಿನ ವಾಲ್ಯೂಮ್ ಇಳಿಸಿ ನೋಡಿ.

ಆಮೇಲೆ ಸದ್ದಿನ ಶ್ರುತಿ ಹಿಡಿಯಿರಿ. ದಪ್ಪನೆಯ ಆರನೇ ತಂತಿಯ ಮೂರನೇ ಫ್ರೆಟ್ ಸುಮಾರು 98 ಹರ್ಟ್ಸ್. ನಮ್ಮ ಕರೆಂಟು 50 ಹರ್ಟ್ಸ್, ಅದನ್ನು ಡಿಸಿ ಮಾಡುವ ಬ್ರಿಡ್ಜ್ ರೆಕ್ಟಿಫೈಯರ್ ದಾಟಿದ ಮೇಲೆ ಉಳಿಯುವ ಏರಿಳಿತ, ಅಂದರೆ ರಿಪಲ್, 100. ಆಂಪ್‌ನ ವಾಲ್ಯೂಮ್ ಸೊನ್ನೆಯಲ್ಲಿದ್ದಾಗಲೂ ಸದ್ದು ಆ ಫ್ರೆಟ್‌ಗೆ ಹೊಂದಿದರೆ ಆ ರಿಪಲ್ ತಗ್ಗಿಸುವ ಫಿಲ್ಟರ್ ಕಂಡೆನ್ಸರ್ ಮೇಲೇ ಅನುಮಾನ. ಅದಕ್ಕಿಂತ ಒಂದು ಸ್ಥಾಯಿ ಕೆಳಗಿದ್ದರೆ ಗ್ರೌಂಡಿಂಗ್ ಅಥವಾ ಟ್ರಾನ್ಸ್‌ಫಾರ್ಮರಿನ ಪ್ರಭಾವ.

ಅರ್ಥಿಂಗ್_ನೋಡ್ರಿ

ಮನೆಯ ಅರ್ಥಿಂಗ್ ಮರೀಬೇಡಿ. ಏಪ್ರಿಲ್, ಮೇನಲ್ಲಿ ಅರ್ಥ್ ಗುಂಡಿ ಒಣಗಿ ಕಲ್ಲಾಗಿರುತ್ತೆ, ಎರಡು ಬಿಂದಿಗೆ ನೀರು ಹುಯ್ದರೆ ಎಷ್ಟೋ ವಾಸಿ. ಸಾಕೆಟ್‌ನಲ್ಲಿ ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಮೀಟರ್ ಎರಡು ಮೂರು ವೋಲ್ಟ್ ಒಳಗೇ ತೋರಿಸಬೇಕು. ಹತ್ತಿಪ್ಪತ್ತು ತೋರಿಸಿದರೆ ಎಲೆಕ್ಟ್ರಿಷಿಯನ್ ಕರೆಸಿ. ಸದ್ದು ಕಮ್ಮಿಯಾಗುತ್ತೆ ಅಂತ ಅರ್ಥ್ ಪಿನ್ ಮುರಿಯೋ ಅಭ್ಯಾಸ ಕೆಲವರಿಗಿದೆ. ದಯವಿಟ್ಟು ಬೇಡ. ಒಳಗೆ ಫೇಸ್ ವೈರ್ ಚಾಸಿಗೆ (ಆಂಪ್‌ನ ಲೋಹದ ಚೌಕಟ್ಟಿಗೆ) ತಗುಲಿದರೆ ಕೈಯಲ್ಲಿರೋ ಗಿಟಾರ್ ತಂತಿಗೇ ಕರೆಂಟು ಬರುತ್ತೆ.

ಕರೆಂಟು ಹೋಗಿ ಯುಪಿಎಸ್‌ಗೆ ಬಂದಾಗ ಮಾತ್ರ ಸದ್ದು ಜಾಸ್ತಿಯಾದರೆ ಅದು ಸ್ಕ್ವೇರ್ ವೇವ್ ಇನ್ವರ್ಟರಿನ ಗುಣ, ಆಂಪ್‌ನ ತಪ್ಪಲ್ಲ. ಫ್ಯಾನ್ ರೆಗ್ಯುಲೇಟರನ್ನೂ ಒಮ್ಮೆ ಆರಿಸಿ ನೋಡಿ.

ಪೆಟ್ಟಿಗೆ_ಕೆಲಸ

ಗಡಗಡಕ್ಕೆ: ಫೋನ್‌ನಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕಿ ಆಂಪ್‌ನ ಆಕ್ಸ್‌ಗೆ (ಹೊರಗಿನ ಸಾಧನದ ಸದ್ದು ಕೊಡುವ ಜಾಕ್) ಕೊಡಿ, 80ರಿಂದ 300 ಹರ್ಟ್ಸ್‌ವರೆಗೆ ನಿಧಾನ ಏರಿಸಿ. ನೀವು ಹೇಳಿದ ಫ್ರೆಟ್‌ಗಳು 123 ಮತ್ತು 131 ಹರ್ಟ್ಸ್, ಅಲ್ಲೇ ಅದುರು ಶುರುವಾಗಬೇಕು. ಅಲ್ಲೇ ನಿಲ್ಲಿಸಿ ಹಿಂದಿನ ಹಲಗೆ, ಗ್ರಿಲ್, ಹಿಡಿ, ಚಾಸಿ ಸ್ಕ್ರೂ ಒಂದೊಂದನ್ನೇ ಅಂಗೈಯಲ್ಲಿ ಒತ್ತುತ್ತಾ ಬನ್ನಿ. ಯಾವುದನ್ನು ಒತ್ತಿದಾಗ ನಿಲ್ಲುತ್ತೋ ಅದೇ ಕಳ್ಳ.

ಪಾರ್ಟಿಕಲ್ ಬೋರ್ಡ್‌ನಲ್ಲಿ ಸ್ಕ್ರೂ ತೂತು ಸವೆದು ಸುಮ್ಮನೆ ತಿರುಗುತ್ತಿದ್ದರೆ ಬೆಂಕಿಕಡ್ಡಿಗೆ ಫೆವಿಕಾಲ್ ಹಚ್ಚಿ ತುಂಬಿ, ಒಂದು ದಿನ ಒಣಗಿಸಿ ಮತ್ತೆ ಹಾಕಿ. ಹಲಗೆ ಕೂರುವ ಅಂಚಿಗೆ ತೆಳು ಫೋಮ್ ಟೇಪ್. ಸ್ಪೀಕರ್ ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಒಂದೇ ಕಡೆ ಜಾಸ್ತಿ ಬಿಗಿದರೆ ಫ್ರೇಮ್ ಸೊಟ್ಟಗಾಗಿ ಕೋನ್ ಅಲ್ಲಾಡಿಸುವ ಒಳಗಿನ ಸುರುಳಿ (ವಾಯ್ಸ್ ಕಾಯಿಲ್) ಉಜ್ಜಲು ಶುರುವಾಗುತ್ತೆ.

ಅದನ್ನು ಪರೀಕ್ಷಿಸಲು ಪ್ಲಗ್ ಕಿತ್ತು, ನಾಲ್ಕು ಬೆರಳನ್ನು ಕೋನ್ ಸುತ್ತ ಸಮವಾಗಿಟ್ಟು ಮೆಲ್ಲಗೆ ಒಳಗೆ ಒತ್ತಿ. ಮರಳು ಕಾಗದ ಎಳೆದ ಹಾಗೆ ಚರಚರ ಕೇಳಿದರೆ ಮಾತ್ರ ಸ್ಪೀಕರ್ ಬದಲಾವಣೆಯ ಮಾತು.

ಶಿರಾಗೇಟ್_ಆರುತಂತಿ

ನೋಡಿದೆ. ಹಿಂದಿನ ಹಲಗೆ ಒತ್ತಿದ ಕೂಡಲೇ ಗಡಗಡ ನಿಂತಿತು, ಎರಡು ಸ್ಕ್ರೂ ಸುಮ್ಮನೆ ತಿರುಗ್ತಿವೆ. ಕೋನ್‌ನಲ್ಲಿ ಚರಚರ ಇಲ್ಲ. ಗುಂಯ್ ಮಾತ್ರ ವಾಲ್ಯೂಮ್ ಸೊನ್ನೆ ಮಾಡಿದರೂ ಇದೆ, ಆರನೇ ತಂತಿಯ ಮೂರನೇ ಫ್ರೆಟ್‌ಗೆ ಹತ್ತಿರ. ಒಳಗೆ 4700 ಮೈಕ್ರೋಫ್ಯಾರಡ್, 35 ವೋಲ್ಟಿನ ಎರಡು ಕಂಡೆನ್ಸರ್. ಒಂದರ ತಲೆ ಉಬ್ಬಿದೆ.

ಬೆಸುಗೆಕಡ್ಡಿ

ಅಲ್ಲಿಗೆ ಸಿಕ್ಕಿತು. ಶಾಖಕ್ಕೆ ಒಳಗಿನ ಎಲೆಕ್ಟ್ರೊಲೈಟ್ ಒಣಗಿ ಕೆಪ್ಯಾಸಿಟಿ ಬಿದ್ದಿದೆ. ಒಂದು ಉಬ್ಬಿದ್ದರೂ ಎರಡನ್ನೂ ಬದಲಾಯಿಸಿ: 4700 ಮೈಕ್ರೋಫ್ಯಾರಡ್, 50 ವೋಲ್ಟ್, 105 ಡಿಗ್ರಿ ಶಾಖ ತಾಳುವಂಥದು. ವೋಲ್ಟ್ ಜಾಸ್ತಿ ಇದ್ದರೆ ತೊಂದರೆಯಿಲ್ಲ, ಅದರ ಗಾತ್ರ ಬೋರ್ಡಿನಲ್ಲಿ ಕೂರುತ್ತಾ ನೋಡಿಕೊಳ್ಳಿ. ಮೈಕ್ರೋಫ್ಯಾರಡ್ ಮಾತ್ರ ಎರಡು ಮೂರು ಪಟ್ಟು ಏರಿಸಬೇಡಿ, ಸ್ವಿಚ್ ಹಾಕಿದಾಗಲೆಲ್ಲ ರೆಕ್ಟಿಫೈಯರ್ ಮೇಲೆ ಹೊರೆ. ತುಮಕೂರಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರೋಡ್.

ಮುಟ್ಟುವ ಮೊದಲು ಪ್ಲಗ್ ಕಿತ್ತು, 1 ಕಿಲೋಓಮ್ 5 ವ್ಯಾಟ್ ರೆಸಿಸ್ಟರನ್ನು ಇನ್ಸುಲೇಟೆಡ್ ಕ್ಲಿಪ್ಪಿನಲ್ಲಿ ಹಿಡಿದು ಒಂದೊಂದರ ಎರಡೂ ಕಾಲಿಗೆ ಅರ್ಧ ನಿಮಿಷ ಇಡಿ. ಮೀಟರ್‌ನಲ್ಲಿ ಒಂದು ವೋಲ್ಟಿಗಿಂತ ಕೆಳಗೆ ಬಂದ ಮೇಲೇ ಬೆಸುಗೆ. ಇದು ವಾಲ್ವ್ ಆಂಪ್ (ಟ್ರಾನ್ಸಿಸ್ಟರ್ ಬದಲು ಗಾಜಿನ ಟ್ಯೂಬ್ ಇರುವುದು) ಆಗಿದ್ದರೆ ಬಿಚ್ಚಲೇಬೇಡಿ ಅಂತಿದ್ದೆ, ಅಲ್ಲಿ 300 ವೋಲ್ಟಿಗೂ ಮೇಲೆ ಇರುತ್ತದೆ.

ಜನ ಎಡವೋದು ಪೋಲಾರಿಟಿಯಲ್ಲಿ, ಅಂದರೆ ಪ್ಲಸ್ ಯಾವ ಕಡೆ, ಮೈನಸ್ ಯಾವ ಕಡೆ ಅನ್ನೋದರಲ್ಲಿ. ಪ್ಲಸ್-ಮೈನಸ್ ಎರಡೂ ಸಪ್ಲೈ ಇರುವ ಬೋರ್ಡಾದರೆ ಮೈನಸ್ ಕಡೆಯ ಕಂಡೆನ್ಸರಿನ ಪ್ಲಸ್ ಕಾಲು ಗ್ರೌಂಡಿಗೆ ಹೋಗುತ್ತದೆ, ಮೈಮೇಲೆ ಪಟ್ಟಿ ಇರುವ ಕಡೆಯ ಕಾಲು (ಮೈನಸ್) ಮೈನಸ್ ಲೈನಿಗೆ. ಉಲ್ಟಾ ಕೂರಿಸಿದರೆ ಢಂ ಅಂತ ಸಿಡಿಯುತ್ತದೆ. ಹಳೆಯದನ್ನು ಕೀಳುವ ಮೊದಲೇ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.